ಮುಂಭಾರ – ಹಿಂಭಾರ

ನಮ್ಮ ತಾತನವರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯ ಬೇಸಾಯಗಾರರು. ಎರಡೆತ್ತಿನ ಗಾಡಿಯೊಂದೇ ಅವರ ವಾಹನ. ಗಾಡಿಗೆ ಗೊಬ್ಬರವನ್ನೋ ಹುಲ್ಲನ್ನೋ ತುಂಬಿದ ಮೇಲೆ ಅವರು ಎತ್ತುಗಳನ್ನು ಕೂಡಲೇ ಹೂಡುತ್ತಿರಲಿಲ್ಲ. ನೊಗದ ಬಳಿಗೆ ಬಂದು, ಅದನ್ನು ಎರಡು ಕೈಗಳಿಂದ ಎತ್ತಿ, ಒಂದು ಗಳಿಗೆ ಹಾಗೆಯೇ ಹಿಡಿದು ನಿಂತು, "ಮುಂಭಾರ ಆಯಿತು" ಎಂದೋ "ಹಿಂಭಾರ ಆಯಿತು" ಎಂದೋ ತೀರ್ಪು ಕೊಡುತ್ತಿದ್ದರು. ಮುಂಭಾರವಾದರೆ ನೊಗ ಎತ್ತುಗಳ ಹೆಗಲನ್ನು ಅರೆಯುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಬಿಗಿಯುತ್ತದೆ. ನಾಲ್ಕು ಮಂಕರಿ ಗೊಬ್ಬರವನ್ನು ಹಿಂದಿನಿಂದ ಮುಂದಕ್ಕೆ ಸರಿಸಿದ ಮೇಲೆ, ಮತ್ತೆ ನೊಗವನ್ನೆತ್ತಿ ನೋಡಿ, "ಈಗ ಹದ" ಎಂದು ತಲೆಯಾಡಿಸುತ್ತಿದ್ದರು. ಏರಿನಲ್ಲಿ ಅವರು ಮೂಕಿಯ ಕಡೆಗೆ ಸರಿದು ಕೂರುವರು; ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುವರು. ಬಾಲಕನಾದ ನನಗೆ ಅದೊಂದು ಆಟವಾಗಿ ತೋರುತ್ತಿತ್ತು. ಅದು ಶಾಸ್ತ್ರವೆಂಬುದು ತಿಳಿದದ್ದು ನಲವತ್ತು ದಾಟಿದ ಮೇಲೆ, ಒಂದು ಮಳೆಯ ಸಂಜೆ, ನನ್ನ ಪ್ರಾಣವೇ ಹೋಗಿಬಿಡಬಹುದಾಗಿದ್ದ ಒಂದು ಕೆರೆಯ ಏರಿಯ ಮೇಲೆ.

ಆ ಸಂಜೆ ನಾನು ಹೊರಟಿದ್ದ ಕಾರ್ಯವನ್ನು ಮೊದಲು ಹೇಳಬೇಕು. ನನ್ನ ಅಕ್ಕನ ಮಗನಿಗೆ ಇಪ್ಪತ್ತಮೂರು ವರ್ಷ. ರಾತ್ರಿ ಟೊಮೇಟೊ ತುಂಬಿದ ಟೆಂಪೋವನ್ನು ಕೋಲಾರದ ಮಾರುಕಟ್ಟೆಗೆ ಓಡಿಸುವುದು ಅವನ ವೃತ್ತಿ. ಮಣ್ಣಿನ ಹಾದಿಯಲ್ಲಿ ಗಡಿಯಾರಕ್ಕೆದುರಾಗಿ ಕಾರು ಓಡಿಸುವ ಸ್ಪರ್ಧೆಗೆ ಸೇರಬೇಕೆಂಬುದು ಅವನ ಹಂಬಲ. ಅವನ ತಂದೆ, ಎಂದರೆ ನಮ್ಮ ಭಾವನವರು, ಇಪ್ಪತ್ತು ವರ್ಷ ಲಾರಿ ಓಡಿಸಿದವರು. ಮೊಗಿಲಿ ಘಾಟಿನ ಇಳಿಜಾರಿನಲ್ಲಿ ಒಂದು ಬೆಳಗಿನ ಜಾವ ಲಾರಿ ಮಗುಚಿ, ಬಲಗಾಲನ್ನು ಕಳೆದುಕೊಂಡು ಮನೆ ಸೇರಿದವರು. ಆ ಮನೆಯಲ್ಲಿ 'ಪಂದ್ಯ' ಎಂಬ ಮಾತು ಎದ್ದರೆ ಅಕ್ಕನ ಸ್ಥಿತಿ ಏನಾಗಬೇಡ? "ನೀನು ಓದಿದವನು ಕಣಪ್ಪ, ನಿನ್ನ ಮಾತು ಕೇಳ್ತಾನೆ. ಒಂದು ಸಲ ಕೂರಿಸಿಕೊಂಡು ಹೇಳು" ಎಂದು ಆಕೆ ನನ್ನನ್ನು ಕರೆಸಿದ್ದಳು. ನಾನು ಹುಡುಗನನ್ನು ನನ್ನ ಹಳೆಯ ಕಾರಿನಲ್ಲಿ ಕೂರಿಸಿಕೊಂಡು, ಮುಳಬಾಗಿಲಿನ ಕಡೆಗೆ ಹೊರಟು, ದಾರಿಯುದ್ದಕ್ಕೂ ಉಪದೇಶ ಮಾಡತೊಡಗಿದೆನು.

ಬೇಸಗೆಯ ಕೊನೆಯ ಮೊದಲ ಮಳೆ ಆಗತಾನೆ ಬಿದ್ದಿತ್ತು. ನಮ್ಮ ಸೀಮೆಯ ರಸ್ತೆಗಳು ಕೆರೆಯ ಏರಿಯನ್ನು ಹತ್ತಿ, ಏರಿಯೊಡನೆ ಬಳುಕಿ, ತೂಬಿನ ಬಳಿ ಥಟ್ಟನೆ ತಿರುಗುವುದನ್ನು ಇಲ್ಲಿಯವರೆಲ್ಲ ಬಲ್ಲರು. ಮಾತಿನ ಭರದಲ್ಲಿ ನಾನು ವೇಗವನ್ನು ಗಮನಿಸಿರಲಿಲ್ಲ. ತಿರುವಿನೊಳಗೆ ಹೊಕ್ಕ ಮೇಲೆ ಹೆದರಿಕೆಯಾಗಿ, ಆಕ್ಸಿಲರೇಟರಿನಿಂದ ಕಾಲು ತೆಗೆದು, ಬ್ರೇಕನ್ನು ಬಲವಾಗಿ ಒತ್ತಿದೆನು. ಕಾರಿನ ಹಿಂಭಾಗವು, ಯಾರೋ ಬಾಲ ಹಿಡಿದು ಎಳೆದಂತೆ, ಕೆರೆಯ ಕಡೆಗೆ ಸರಿಯಿತು. ಮುಂದೆ ನನಗೆ ನೆನಪಿರುವುದು ಇಷ್ಟೆ: ಹುಡುಗನ ಕೈ ಚಕ್ರದ ಮೇಲೆ ಬಂದದ್ದು, "ಬ್ರೇಕು ಬಿಡಿ ಮಾವ, ಬಿಡಿ!" ಎಂಬ ಅವನ ಕೂಗು, ಒಂದು ಹುಣಸೆಯ ಮರ ಗಾಜಿನ ಎಡದಿಂದ ಬಲಕ್ಕೆ ಹಾದುಹೋದದ್ದು, ಆಮೇಲೆ ಮೌನ. ಕಾರು ಏರಿಯ ಅಂಚಿನಿಂದ ಎರಡು ಮಾರು ಈಚೆಗೆ, ಬಂದ ದಿಕ್ಕಿಗೇ ಮುಖಮಾಡಿ ನಿಂತಿತ್ತು.

ಉಪದೇಶ ಅಲ್ಲಿಗೆ ನಿಂತಿತು. ಪಾಠ ಅಲ್ಲಿಂದ ಆರಂಭವಾಯಿತು. ಗುರು ಮಾತ್ರ ಬದಲಾದನು.

* * *

"ಮಾವ, ನೀವು ಬ್ರೇಕು ಹಾಕಿದ್ದು ತಪ್ಪಲ್ಲ; ಹಾಕಿದ ಜಾಗ ತಪ್ಪು" ಎಂದನು ಹುಡುಗ. ಏರಿಯ ಕಲ್ಲಿನ ಮೇಲೆ ಕುಳಿತು ಅವನು ಹೇಳಿದ್ದನ್ನೂ, ಆಮೇಲೆ ನಾನು ಭೌತಶಾಸ್ತ್ರದ ಸಹೋದ್ಯೋಗಿಗಳನ್ನು ಕೇಳಿ, ಪುಸ್ತಕ ತಿರುವಿ ತಿಳಿದದ್ದನ್ನೂ ಕೂಡಿಸಿ ಇಲ್ಲಿ ನಿವೇದಿಸುತ್ತೇನೆ.

ಕಾರು ಎಷ್ಟೇ ದೊಡ್ಡದಾಗಿರಲಿ, ಅದು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಟೈರು ನೆಲಕ್ಕೆ ಒತ್ತಿ ನಿಲ್ಲುವ ಜಾಗ ಸುಮಾರು ಒಂದು ಅಂಗೈಯಷ್ಟು. ಸಂಸಾರವನ್ನು ಹೊತ್ತು ಓಡುವ ವಾಹನದ ವೇಗ, ತಿರುವು, ನಿಲುಗಡೆ ಎಲ್ಲವೂ ಈ ನಾಲ್ಕು ಅಂಗೈಗಳ ಕೃಪೆ. 1845ರಲ್ಲಿ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತನು ಗಾಳಿ ತುಂಬಿದ ಟೈರನ್ನು ಮೊದಲು ಕಲ್ಪಿಸಿದನು. ಅದು ಮರೆತುಹೋದ ಮೇಲೆ, 1888ರಲ್ಲಿ ಡನ್‌ಲಪ್ ಎಂಬ ಪಶುವೈದ್ಯನು ಅದನ್ನು ಮತ್ತೆ ಕಂಡುಹಿಡಿದನು. ತಾತನ ಗಾಡಿಯ ಕಬ್ಬಿಣದ ಪಟ್ಟಿ ನೆಲವನ್ನು ಕೊರೆಯುತ್ತಿತ್ತು. ರಬ್ಬರು ನೆಲದ ಉಬ್ಬುತಗ್ಗುಗಳಿಗೆ ತನ್ನನ್ನು ಒಗ್ಗಿಸಿಕೊಂಡು ಅದನ್ನು ಹಿಡಿದುಕೊಳ್ಳುತ್ತದೆ. ಇಂಗ್ಲಿಷಿನವರು ಇದಕ್ಕೆ ಬಳಸುವ ಮಾತನ್ನು ಹೇಗೆ ಕನ್ನಡಿಸಲಿ ಎಂದು ನಾನು ಯೋಚಿಸುವಷ್ಟರಲ್ಲಿಯೇ ಹುಡುಗ ಸಹಜವಾಗಿ 'ಹಿಡಿತ' ಎಂದುಬಿಟ್ಟನು. ಅದಕ್ಕಿಂತ ಒಳ್ಳೆಯ ಮಾತು ಯಾವ ನಿಘಂಟಿನಲ್ಲಿದ್ದೀತು?

ಈ ಹಿಡಿತವು ಎರಡನ್ನು ಅವಲಂಬಿಸಿದೆ: ಒಂದು, ನೆಲದ ಮತ್ತು ರಬ್ಬರಿನ ಗುಣ, ಇನ್ನೊಂದು, ಆ ಟೈರಿನ ಮೇಲೆ ಆ ಕ್ಷಣದಲ್ಲಿ ಕುಳಿತಿರುವ ಭಾರ. ಒಣಗಿದ ಟಾರು ರಸ್ತೆಯಲ್ಲಿ ಹಿಡಿತವು ಭಾರದ ಹತ್ತರಲ್ಲಿ ಏಳು ಪಾಲೆಂದು ಸ್ಥೂಲವಾಗಿ ಇಟ್ಟುಕೊಳ್ಳೋಣ. ಧೂಳಿನ ಮೇಲೆ ಮೊದಲ ಮಳೆ ಬಿದ್ದಾಗ, ತಿಂಗಳುಗಟ್ಟಲೆ ಕೂತ ಎಣ್ಣೆ ಮತ್ತು ಧೂಳು ನೀರಿನೊಡನೆ ಬೆರೆತು ಲೇಪವಾಗಿ, ಅದು ಅರ್ಧಕ್ಕೆ ಇಳಿಯಬಹುದು. ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಬ್ರೇಕು ಹಿಡಿದ ಮೇಲೆ, ಮೊದಲನೆಯ ನೆಲದಲ್ಲಿ 20 ಮೀಟರಿನಲ್ಲಿ ನಿಂತರೆ, ಎರಡನೆಯದರಲ್ಲಿ 40 ಮೀಟರ್ ಬೇಡುತ್ತದೆ. ಇನ್ನು 50 ಮೀಟರ್ ತ್ರಿಜ್ಯದ ಒಂದು ತಿರುವು: ಒಣಗಿದ್ದಾಗ ಅದನ್ನು ಜಾರದೆ ದಾಟಬಹುದಾದ ಪರಮಾವಧಿ ವೇಗ ಸುಮಾರು 67; ಲೇಪವಾದಾಗ 47. ರಸ್ತೆ ಅದೇ, ಕಾರು ಅದೇ, ಚಾಲಕನೂ ಅದೇ. ನೆಲ ಮಾತ್ರ ಬೇರೆ.

ಭಾರದ ಮಾತು ಇನ್ನೂ ಸ್ವಾರಸ್ಯವಾದದ್ದು. ನಿಂತ ಕಾರಿನ ಭಾರ ನಾಲ್ಕು ಚಕ್ರಗಳಿಗೆ ಒಂದು ಲೆಕ್ಕದಲ್ಲಿ ಹಂಚಿರುತ್ತದೆ. ಓಡುವ ಕಾರಿನಲ್ಲಿ ಆ ಲೆಕ್ಕ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಬ್ರೇಕು ಹಿಡಿದರೆ ಮೂಗು ಬಾಗುತ್ತದೆ: ಮುಂಭಾರ. ವೇಗ ಹೆಚ್ಚಿಸಿದರೆ ಹಿಂಭಾಗ ಕುಸಿಯುತ್ತದೆ: ಹಿಂಭಾರ. ಎಡಕ್ಕೆ ತಿರುಗಿದರೆ ಬಲದ ಚಕ್ರಗಳ ಮೇಲೆ ಭಾರ ಬೀಳುತ್ತದೆ. ಸಾವಿರ ಕಿಲೋ ತೂಕದ ಕಾರು. ಮುಂದಿನ ಚಕ್ರಗಳ ಮೇಲೆ 550, ಹಿಂದಿನವುಗಳ ಮೇಲೆ 450 ಎನ್ನೋಣ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ಎರಡೂವರೆ ಮೀಟರ್ ಅಂತರ, ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕು ಹಿಡಿದರೆ 140 ಕಿಲೋದಷ್ಟು ಭಾರ ಹಿಂದಿನಿಂದ ಮುಂದಕ್ಕೆ ಸರಿಯುತ್ತದೆ. ಆಗ ಮುಂದೆ 690, ಹಿಂದೆ 310. ಹಿಂದಿನ ಟೈರುಗಳು ಮೂರರಲ್ಲಿ ಒಂದು ಪಾಲಿನಷ್ಟು ಹಿಡಿತವನ್ನು ಕಳೆದುಕೊಂಡವು. ನಾನು ಇದನ್ನೆಲ್ಲ ತಿರುವಿನ ನಡುವೆ, ಜಾರುವ ನೆಲದಲ್ಲಿ ಮಾಡಿದೆನು. ಅಲ್ಲಿ ಸರಿದ ಭಾರ ಇದಕ್ಕಿಂತ ಕಡಿಮೆಯೇ. ಆದರೆ ಹಗುರವಾದ ಹಿಂಚಕ್ರಗಳಿಗೆ ಹಿಡಿಯಲು ನೆಲವೂ ಅರ್ಧಕ್ಕಿಳಿದಿತ್ತು. ಹಿಂಭಾಗ ಕೆರೆಯ ಕಡೆ ಹೊರಟದ್ದರಲ್ಲಿ ಏನಾಶ್ಚರ್ಯ?

ಮೂರನೆಯದೊಂದು ಸೂತ್ರವುಂಟು, ಮೋಟಾರು ಪಂದ್ಯದವರ ವಿದ್ಯೆಯೆಲ್ಲ ಇದರ ಸುತ್ತ ತಿರುಗುತ್ತದೆ. ಒಂದು ಟೈರಿಗೆ ಇರುವ ಹಿಡಿತ ಒಂದೇ ಗಂಟು. ಮನೆಯಲ್ಲಿ ಒಂದು ಸೇರು ರಾಗಿ ಇದ್ದರೆ ಅದನ್ನು ಮುದ್ದೆಗೂ ಬಳಸಬಹುದು, ಅಂಬಲಿಗೂ ಬಳಸಬಹುದು. ಎರಡಕ್ಕೂ ಪೂರ್ತಿ ಸೇರನ್ನೇ ಬಳಸುತ್ತೇನೆಂದರೆ ನಡೆಯದು. ನಿಲ್ಲುವುದಕ್ಕೆ ಎಷ್ಟು ಖರ್ಚಾಯಿತೋ ತಿರುಗುವುದಕ್ಕೆ ಅಷ್ಟು ಕಡಿಮೆ ಉಳಿಯಿತು. ಆದುದರಿಂದ ನುರಿತ ಚಾಲಕನು ವೇಗವನ್ನು ತಿರುವಿಗೆ ಮುಂಚೆಯೇ, ಚಕ್ರ ನೆಟ್ಟಗಿರುವಾಗಲೇ ಇಳಿಸುತ್ತಾನೆ. ತಿರುವನ್ನು ಹೊಗುವಾಗ ಬ್ರೇಕನ್ನು ಥಟ್ಟನೆ ಬಿಡದೆ, ಚಕ್ರವನ್ನು ತಿರುಗಿಸಿದಷ್ಟೂ ಕಾಲನ್ನು ಮೆಲ್ಲನೆ ಎತ್ತುತ್ತ ಬರುತ್ತಾನೆ. ಮುಂಭಾರದ ಒಂದು ಅಂಶ ಉಳಿದು ಮುಂದಿನ ಟೈರುಗಳು ನೆಲವನ್ನು ಕಚ್ಚುತ್ತವೆ. ತಿರುವಿನ ನಡುವೆ ಸಮಭಾರ. ಹೊರಬರುವಾಗ, ಚಕ್ರ ನೇರವಾದಷ್ಟೂ ವೇಗವನ್ನು ಸೇರಿಸುತ್ತ ಭಾರವನ್ನು ಹಿಂದಕ್ಕೆ ಕಳಿಸುತ್ತಾನೆ.

ಇನ್ನೊಂದು ಸೂಕ್ಷ್ಮ: ಭಾರ ಇಮ್ಮಡಿಯಾದರೆ ಟೈರಿನ ಹಿಡಿತ ಪೂರ್ತಿ ಇಮ್ಮಡಿಯಾಗದು, ಸ್ವಲ್ಪ ಹಿಂದೆಯೇ ಉಳಿಯುತ್ತದೆ. ಆದುದರಿಂದ ಒಂದು ಬದಿಯ ಚಕ್ರ ಕಳೆದುಕೊಂಡದ್ದನ್ನು ಇನ್ನೊಂದು ಬದಿಯ ಚಕ್ರ ಪೂರ್ತಿ ತುಂಬಿಕೊಡಲಾರದು. ಭಾರ ಹೆಚ್ಚು ಸರಿದಷ್ಟೂ ಒಟ್ಟು ಹಿಡಿತ ನಷ್ಟವೇ. ಪಂದ್ಯದ ಕಾರುಗಳನ್ನು ನೆಲಕ್ಕಂಟಿದಂತೆ ತಗ್ಗಾಗಿ, ಅಗಲವಾಗಿ ಕಟ್ಟುವುದು ಇದಕ್ಕಾಗಿ. ನಮ್ಮ ಟೊಮೇಟೊ ಟೆಂಪೋಗಳ ಕಥೆ ಇದಕ್ಕೆ ನೇರ ವಿರುದ್ಧ. ಒಂದು ಪೆಟ್ಟಿಗೆಗೆ 15 ಕಿಲೋ; ನೂರು ಪೆಟ್ಟಿಗೆಗೆ 1500 ಕಿಲೋ. ಅದನ್ನು ಚಾಲಕನ ತಲೆಗಿಂತ ಎತ್ತರಕ್ಕೆ ಪೇರಿಸಿದಾಗ ಗುರುತ್ವಕೇಂದ್ರವೂ ಮೇಲೇರುತ್ತದೆ. ಪ್ರತಿ ತಿರುವಿನಲ್ಲಿಯೂ ಭಾರ ಒಂದೇ ಬದಿಗೆ ವಾಲುತ್ತದೆ. ಅಂಥ ವಾಹನವನ್ನು ಕತ್ತಲಲ್ಲಿ, ಹರಾಜಿನ ಹೊತ್ತಿಗೆ ತಲುಪಿಸಬೇಕಾದ ಹುಡುಗನಿಗೆ ಈ ಶಾಸ್ತ್ರ ವಿನೋದವಲ್ಲ, ಕವಚ.

* * *

ನಾಲ್ಕು ತಾಲ್ಲೂಕಿನ ರಸ್ತೆಗಳನ್ನು ಆ ಹುಡುಗ ಓದಿಕೊಂಡಿರುವ ರೀತಿಯನ್ನು ಕಂಡು ನಾನು ಬೆರಗಾದೆನು. ಮಾಸ್ತಿಯವರು ಮಾಲೂರು ತಾಲ್ಲೂಕಿನವರು, ಡಿ.ವಿ.ಜಿ. ಮುಳಬಾಗಿಲಿನವರು ಎಂದು ನಾನು ಈ ನೆಲವನ್ನು ತರಗತಿಯಲ್ಲಿ ಪರಿಚಯಿಸುತ್ತೇನೆ. ಅವನ ಪರಿಚಯವೇ ಬೇರೆ. ಮಾಲೂರಿನ ಕಡೆ ಇಟ್ಟಿಗೆ ಹೆಂಚುಗಳ ಗೂಡುಗಳಿಗೆ ಮಣ್ಣು ಹೊರುವ ಲಾರಿಗಳಿಂದ ಉದುರಿದ ಜೇಡಿ, ಒಣಗಿದಾಗ ಧೂಳು, ನೆನೆದಾಗ ಬೆಣ್ಣೆ. ಶ್ರೀನಿವಾಸಪುರದಲ್ಲಿ ಮಾವಿನ ಕಾಲಕ್ಕೆ ಮಂಡಿಗಳ ಮುಂದೆ ಹಣ್ಣಿನ ಸಿಪ್ಪೆ, ರಸ. ಕೋಲಾರದ ಮಾರುಕಟ್ಟೆಯ ದಾರಿಯಲ್ಲಿ ಚಕ್ರಕ್ಕೆ ಸಿಕ್ಕಿ ಜಜ್ಜಿದ ಟೊಮೇಟೊ. ಸುಗ್ಗಿಯ ದಿನಗಳಲ್ಲಿ ಎಲ್ಲ ಹಳ್ಳಿಗಳಲ್ಲಿಯೂ ರಸ್ತೆಯೇ ಕಣ: ರಾಗಿಯ ತೆನೆ, ಹುರುಳಿಯ ಸೊಪ್ಪು ಹರಡಿರುತ್ತದೆ, ವಾಹನಗಳೇ ರೋಣಗಲ್ಲು. ಒಣ ಹುರುಳಿಯ ಮೇಲೆ ಬೈಕಿನ ಮುಂದಿನ ಬ್ರೇಕು ಹಿಡಿದವನು ನೆಲ ಮುಟ್ಟುವುದು ಖಂಡಿತ. "ಮಾವ, ರಸ್ತೆಯ ಬಣ್ಣ ಬದಲಾದರೆ ಹಿಡಿತ ಬದಲಾಯಿತು ಅಂತ ಅರ್ಥ" ಎಂದನು. ಹಳಗನ್ನಡ ಪದ್ಯದಲ್ಲಿ ಛಂದಸ್ಸು ಬದಲಾದ ಕೂಡಲೇ ಎಚ್ಚರಗೊಳ್ಳಿರೆಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದು ನೆನಪಾಯಿತು.

ಈ ವಿದ್ಯೆ ನಮ್ಮ ಸೀಮೆಗೆ ಪರಕೀಯವಾದದ್ದೂ ಅಲ್ಲ. ಮುಳಬಾಗಿಲಿನ ಮೂಲಕ ಪೂರ್ವಕ್ಕೆ ಹೋಗುವ ಹೆದ್ದಾರಿ ಕೊನೆಗೆ ಚೆನ್ನೈ ಸೇರುತ್ತದೆ; ಆ ನಗರದ ಹೊರವಲಯದ ಶೋಳಾವರಂನಲ್ಲಿ, ಎರಡನೆಯ ಮಹಾಯುದ್ಧದ ಕಾಲದ ವಿಮಾನಪಥದ ಮೇಲೆ, ದಶಕಗಳ ಕಾಲ ಮೋಟಾರು ಪಂದ್ಯಗಳು ನಡೆದವು; 1990ರಲ್ಲಿ ಇರುಂಗಾಟ್ಟುಕೋಟೈಯಲ್ಲಿ ಪಂದ್ಯಕ್ಕೆಂದೇ ಕಟ್ಟಿದ ಪಥ ತೆರೆಯಿತು. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯರಾದರು; ಮಣ್ಣಿನ ಹಾದಿಯ ಬೈಕು ಸವಾರಿಯನ್ನು ಕಲಿಸಲು ಅವರು ಸ್ಥಾಪಿಸಿದ ಬಿಗ್ ರಾಕ್ ಡರ್ಟ್ ಪಾರ್ಕ್ ಇರುವುದು ನಮ್ಮ ಕೋಲಾರದ ಬಳಿಯಲ್ಲಿಯೇ. ಅದೇ ಸಂತೋಷ್ 2021ರ ಜನವರಿಯಲ್ಲಿ ಸೌದಿ ಅರೇಬಿಯದ ಮರಳಿನಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾಗಿ, ಸಾವಿನ ಅಂಚಿನಿಂದ ಹಿಂದಿರುಗಿದರು. ಬಲ್ಲವನಿಗೂ ಅಪಾಯವುಂಟೆಂಬುದನ್ನು ಮುಚ್ಚಿಡಬಾರದು.

ಮಣ್ಣಿನ ಹಾದಿಯ ಸವಾರನು ಆಸನದ ಮೇಲೆ ಕೂರುವುದಿಲ್ಲ. ಪಾದಕಂಬಿಗಳ ಮೇಲೆ ನಿಲ್ಲುತ್ತಾನೆ. ಏರಿನಲ್ಲಿ ಎದೆಯನ್ನು ಮುಂದಕ್ಕೆ ಚಾಚುತ್ತಾನೆ; ಇಳಿಜಾರಿನಲ್ಲಿ ಸೊಂಟವನ್ನು ಹಿಂದಕ್ಕೆ ಒಯ್ಯುತ್ತಾನೆ. ಇದನ್ನು ಹುಡುಗ ನಿಂತು ಅಭಿನಯಿಸಿ ತೋರಿಸಿದಾಗ ನಾನು ನಕ್ಕುಬಿಟ್ಟೆನು. ಅದು ಮೂಕಿಯ ಕಡೆ ಸರಿಯುತ್ತಿದ್ದ, ಹಿಂದಕ್ಕೆ ಸರಿಯುತ್ತಿದ್ದ ನಮ್ಮ ತಾತನ ಭಂಗಿಯೇ! ಆ ಮುತ್ತಾತನನ್ನು ಅವನು ಕಂಡವನೇ ಅಲ್ಲ.

ಮೂರು ಬಾರಿ, 1969, 1971 ಮತ್ತು 1973ರಲ್ಲಿ, ವಿಶ್ವವಿಜೇತನಾದ ಸ್ಕಾಟ್ಲೆಂಡಿನ ಜಾಕಿ ಸ್ಟೀವರ್ಟ್ ತನ್ನ ಶಿಷ್ಯರಿಗೆ ಒಂದು ಪರೀಕ್ಷೆ ಒಡ್ಡುತ್ತಿದ್ದನು: ಕಾರಿನ ಮೂತಿಯ ಮೇಲೆ ಒಂದು ತಟ್ಟೆ, ತಟ್ಟೆಯಲ್ಲಿ ಒಂದು ಚೆಂಡು. ಚೆಂಡು ಹೊರಬೀಳದಂತೆ ವೇಗವಾಗಿ ಓಡಿಸಬೇಕು. ವೇಗವೆಂದರೆ ಎಗರಾಟವೆಂದು ತಿಳಿದವರಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ನಮ್ಮ ಹೆಣ್ಣುಮಕ್ಕಳು ತುಂಬಿದ ಬಿಂದಿಗೆಯನ್ನು ತಲೆಯ ಮೇಲಿಟ್ಟುಕೊಂಡು ಕೆರೆಯ ಮೆಟ್ಟಿಲು ಹತ್ತುತ್ತಿದ್ದುದೂ ಇದೇ ಪರೀಕ್ಷೆಯಲ್ಲವೆ?

* * *

ಇಷ್ಟೆಲ್ಲ ಕೇಳಿದ ಮೇಲೂ ನನ್ನ ಮನಸ್ಸಿನಲ್ಲಿ ಒಂದು ಕಸಿವಿಸಿ ಉಳಿದಿತ್ತು. ಕಳೆದ ಮೂರು ವರ್ಷಗಳಲ್ಲಿ ಹಾಜರಿ ಪುಸ್ತಕದಿಂದ ಇಬ್ಬರು ವಿದ್ಯಾರ್ಥಿಗಳ ಹೆಸರನ್ನು ನಾನು ನನ್ನ ಕೈಯಿಂದಲೇ ಹೊಡೆದುಹಾಕಿದ್ದೇನೆ. ಇಬ್ಬರೂ ಬೈಕಿನಲ್ಲಿ ಹೋದವರು. ಒಬ್ಬನು ಷಟ್ಪದಿಯನ್ನು ಬಹು ಚೆನ್ನಾಗಿ ಓದುತ್ತಿದ್ದನು. 2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಇಂಥ ಕಾಲದಲ್ಲಿ ವೇಗದ ವಿದ್ಯೆಯನ್ನು ಹೊಗಳುವುದು ಬೆಂಕಿಗೆ ತುಪ್ಪ ಸುರಿದಂತಾಗುವುದಿಲ್ಲವೆ?

ಈ ಪ್ರಶ್ನೆಯನ್ನು ಹುಡುಗನಿಗೇ ಹಾಕಿದೆನು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾವ, ಪಂದ್ಯದಲ್ಲಿ ಹಿಡಿತದ ನೂರಕ್ಕೆ ನೂರನ್ನೂ ಖರ್ಚು ಮಾಡಬೇಕು. ಅಲ್ಲಿ ಎದುರಿಗೆ ಯಾರೂ ಬರೋದಿಲ್ಲ, ಪಕ್ಕದಲ್ಲಿ ಕೆರೆ ಇರೋದಿಲ್ಲ, ತಲೆಗೆ ಶಿರಸ್ತ್ರಾಣ, ಮೈಗೆ ಪಟ್ಟಿ. ರಸ್ತೆಯಲ್ಲಿ ಮೂವತ್ತು ಮಾತ್ರ ಖರ್ಚು, ಎಪ್ಪತ್ತು ಗಂಟಲ್ಲೇ ಇರಬೇಕು. ಎಮ್ಮೆ ಬರಬಹುದು, ಮಗು ಬರಬಹುದು. ಆದರೆ ನೂರು ಅಂದರೆ ಎಷ್ಟು ಅಂತ ಒಂದು ಸಲವೂ ನೋಡದವನಿಗೆ ಮೂವತ್ತು ಎಷ್ಟು ಅಂತ ಹೇಗೆ ಗೊತ್ತಾಗಬೇಕು?" ಎಂದನು.

ನನ್ನ ಬಳಿ ಉತ್ತರವಿರಲಿಲ್ಲ. ಸತ್ತ ಆ ಇಬ್ಬರಿಗೂ ವೇಗದ ರುಚಿಯನ್ನು ಎಲ್ಲರೂ ತೋರಿಸಿದ್ದರು: ಸಿನಿಮಾ ತೋರಿಸಿತ್ತು, ಜಾಹೀರಾತು ತೋರಿಸಿತ್ತು. ಮುಂದಿನ ಬ್ರೇಕಿಗೇ ಹೆಚ್ಚು ಬಲವೇಕೆ, ಮರಳಿನ ಮೇಲೆ ಅದೇ ಶತ್ರುವಾಗುವುದೇಕೆ, ಹಿಂಭಾಗ ಜಾರಿದರೆ ಜಾರಿದ ದಿಕ್ಕಿಗೇ ಚಕ್ರ ತಿರುಗಿಸಬೇಕೇಕೆ, ಕಣ್ಣನ್ನು ಮರದ ಮೇಲಿಡದೆ ಹೋಗಬೇಕಾದ ದಾರಿಯ ಮೇಲಿಡಬೇಕೇಕೆ ಎಂಬುದನ್ನು ಯಾರೂ ಹೇಳಿರಲಿಲ್ಲ. ಪರವಾನಗಿ ಪಡೆಯುವಾಗ ಎಂಟರ ಆಕಾರದಲ್ಲಿ ಒಂದು ಸುತ್ತು ಹಾಕಿಸುತ್ತೇವೆ. ಅಲ್ಲಿಗೆ ವಿದ್ಯಾಭ್ಯಾಸ ಮುಗಿಯಿತು. 2019ರ ಏಪ್ರಿಲಿನಿಂದ ಹೊಸ ಕಾರುಗಳಲ್ಲಿಯೂ 125 ಸಿ.ಸಿ. ಮೀರಿದ ಬೈಕುಗಳಲ್ಲಿಯೂ ಚಕ್ರ ಕಚ್ಚಿ ನಿಲ್ಲದಂತೆ ತಡೆಯುವ ಎ.ಬಿ.ಎಸ್. ಕಡ್ಡಾಯವಾದದ್ದು ಒಳ್ಳೆಯದೇ. ಆದರೆ ಯಂತ್ರವು ಇರುವ ಹಿಡಿತವನ್ನು ಜಾಣತನದಿಂದ ಬಳಸಬಲ್ಲುದೇ ಹೊರತು ಇಲ್ಲದ ಹಿಡಿತವನ್ನು ಸೃಷ್ಟಿಸಲಾರದು.

* * *

ಕತ್ತಲಾದ ಮೇಲೆ ಮನೆಗೆ ಹಿಂದಿರುಗಿದೆವು. ಈ ಸಲ ಹುಡುಗ ಓಡಿಸಿದನು. ಏರಿಯ ತಿರುವು ಯಾವಾಗ ಬಂತೋ ಹೋಯಿತೋ ನನಗೆ ತಿಳಿಯಲಿಲ್ಲ. ಊಟವಾದ ಮೇಲೆ ಅಕ್ಕ ನನ್ನ ಮುಖ ನೋಡಿದಳು. ನಾನು ನಡೆದದ್ದನ್ನು ನಡೆದಂತೆಯೇ ಹೇಳಿದೆನು. ತಪ್ಪು ನನ್ನದೆಂಬುದನ್ನೂ, ಉಳಿಸಿದವನು ಅವಳ ಮಗನೆಂಬುದನ್ನೂ ಹೇಳಿದೆನು. ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಆವರೆಗೆ ಮಾತಾಡದೆ ಜಗಲಿಯ ಮೇಲೆ ಕುಳಿತಿದ್ದ ಭಾವನವರು, ಊರುಗೋಲನ್ನು ಗೋಡೆಗೆ ಒರಗಿಸಿ, ಮೊಗಿಲಿ ಘಾಟಿನ ಮಾತನ್ನು ತಾವಾಗಿಯೇ ತೆಗೆದರು. ನಾನು ಅದನ್ನು ಅವರ ಬಾಯಿಂದ ಕೇಳಿದ್ದು ಅದೇ ಮೊದಲು. ಮುಳಬಾಗಿಲೆಂದರೆ ಮೂಡಲ ಬಾಗಿಲು. ನಮ್ಮ ಪ್ರಸ್ಥಭೂಮಿಯ ಆ ಬಾಗಿಲನ್ನು ದಾಟಿ, ನಂಗಲಿ, ಪಲಮನೇರು ಕಳೆದ ಮೇಲೆ, ರಸ್ತೆ ಚಿತ್ತೂರಿನ ಬಯಲಿಗೆ ಇಳಿಯುತ್ತದೆ. "ಮೇಷ್ಟ್ರೇ, ಇಳಿಜಾರಲ್ಲಿ ಸಣ್ಣ ಗೇರಿನಲ್ಲಿ ಇಳಿಸಬೇಕು ಅಂತ ನನಗೆ ಗೊತ್ತಿತ್ತು. ಡೀಸೆಲ್ ಉಳಿಯುತ್ತೆ ಅಂತ ನ್ಯೂಟ್ರಲ್‌ಗೆ ಹಾಕಿದೆ. ಬ್ರೇಕು ಕಾದು ಹೋಯಿತು. ಮೇಲಿನ ಪೆಟ್ಟಿಗೆಗಳು ಮುಂದಕ್ಕೆ ಬಂದವು. ಮುಂಭಾರ ಆದ ಲಾರಿ ತಿರುವಿನಲ್ಲಿ ಮಾತು ಕೇಳೋದಿಲ್ಲ" ಎಂದರು. ಆಮೇಲೆ ಮಗನ ಕಡೆ ನೋಡದೆಯೇ, "ನನಗೆ ಹೇಳಿಕೊಡೋರು ಯಾರೂ ಇರಲಿಲ್ಲ. ಇವನು ದುಡ್ಡು ಕೊಟ್ಟು ಕಲೀತೀನಿ ಅಂತಾನೆ, ಕಲೀಲಿ" ಎಂದರು.

'ಮುಂಭಾರ' ಎಂಬ ಆ ಮಾತು ಅವರ ಬಾಯಲ್ಲಿ ಬಂದಾಗ ನನಗೆ ನೊಗ ಎತ್ತಿ ನಿಂತ ತಾತನವರ ಚಿತ್ರ ಕಣ್ಣಿಗೆ ಕಟ್ಟಿತು. ಗಾಡಿ, ಲಾರಿ, ಪಂದ್ಯದ ಕಾರು. ಮೂರು ತಲೆಮಾರು, ಒಂದೇ ವಿದ್ಯೆ. ನಡುವಿನ ತಲೆಮಾರಿನಲ್ಲಿ ಅದರ ಪಾಠ ತಪ್ಪಿತು; ಅದಕ್ಕೆ ಒಂದು ಕಾಲನ್ನು ತೆರಬೇಕಾಯಿತು.

ಅಕ್ಕನ ಒಪ್ಪಿಗೆ ಇನ್ನೂ ಪೂರ್ತಿ ಸಿಕ್ಕಿಲ್ಲ. ಮಗನು ಒಂಟಿಯಾಗಿ ಗಡಿಯಾರಕ್ಕೆದುರಾಗಿ ಮಾತ್ರ ಓಡಿಸಬೇಕು, ಸಾರ್ವಜನಿಕ ರಸ್ತೆಯಲ್ಲಿ ಯಾರೊಡನೆಯೂ ಪಂದ್ಯ ಕಟ್ಟಬಾರದು, ಟೆಂಪೋಗೆ ಎಪ್ಪತ್ತು ಪೆಟ್ಟಿಗೆಗಿಂತ ಹೆಚ್ಚು ಹೇರಬಾರದು ಎಂದು ಮೂರು ಷರತ್ತು ಹಾಕಿದ್ದಾಳೆ. ಮೂರನೆಯದನ್ನು ಪಾಲಿಸಿದರೆ ಗಳಿಕೆ ಇಳಿಯುತ್ತದೆಂದು ಹುಡುಗ ಗೊಣಗಿದ್ದುಂಟು, ಆದರೂ ಪಾಲಿಸುತ್ತಿದ್ದಾನೆ. ನಾನಂತೂ ಹಿಂದಿನ ಎರಡು ಸವೆದ ಟೈರುಗಳನ್ನು ಬದಲಾಯಿಸಿದೆನು. ಈ ವರ್ಷ ತರಗತಿಯ ಮೊದಲ ದಿನ, ಪಠ್ಯವನ್ನು ತೆರೆಯುವ ಮುನ್ನ, ಬೈಕಿನಲ್ಲಿ ಬರುವವರು ಕೈಯೆತ್ತಿರೆಂದು ಕೇಳಿದೆನು. ನಲವತ್ತು ಕೈಗಳು ಎದ್ದವು. ಕಪ್ಪುಹಲಗೆಯ ಮೇಲೆ ಒಂದು ಎತ್ತಿನ ಗಾಡಿಯ ಚಿತ್ರ ಬರೆದು, ಪಾಠವನ್ನು ಅಲ್ಲಿಂದ ಆರಂಭಿಸಿದೆನು.